ಯಾರೂ ಒಳ್ಳೆಯವರಲ್ಲವೆಂದ ಮೇಲೆ ಆಜ್ಞೆಗಳು ಯಾರಿಗಾಗಿ?

ಪ್ರಶ್ನೆ (ವಿಜಯಪುರದಿಂದ)

ನಾನು ಬಸವನ ಬಾಗೇವಾಡಿಯ ಕಡೆಯವನು. ಕಳಬೇಡ, ಕೊಲಬೇಡ ಎಂಬ ವಚನವನ್ನು ಬಾಯಿಪಾಠ ಮಾಡಿ ಬೆಳೆದ ನನಗೆ, ನಡತೆಯ ಶುದ್ಧಿಯೇ ಅಂತರಂಗದ ಶುದ್ಧಿಯೂ ಹೌದೆಂಬುದರಲ್ಲಿ ಸಂಶಯವಿರಲಿಲ್ಲ. ಈಚೆಗೆ ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯವನ್ನು ಓದಿದೆ. ನಿತ್ಯಜೀವಕ್ಕಾಗಿ ಏನು ಮಾಡಬೇಕೆಂದು ಓಡಿಬಂದು ಮೊಣಕಾಲೂರಿ ಕೇಳಿದವನು ಯೇಸುವನ್ನು ಒಳ್ಳೆಯ ಬೋಧಕನೆಂದು ಕರೆದಾಗ, ದೇವರೊಬ್ಬನ ಹೊರತು ಒಳ್ಳೆಯವನು ಯಾರೂ ಇಲ್ಲವೆಂಬ ಉತ್ತರ ಬರುತ್ತದೆ. ಅದರ ಬೆನ್ನಿಗೇ ಕೊಲೆ, ಕಳವು, ಸುಳ್ಳುಸಾಕ್ಷಿ ಬೇಡವೆಂಬ ಆಜ್ಞೆಗಳು ಬರುತ್ತವೆ. ಯಾರೂ ಒಳ್ಳೆಯವರಲ್ಲದಿದ್ದರೆ ಈ ಆಜ್ಞೆಗಳು ಯಾರಿಗಾಗಿ? ಕೃಪೆಯಿಂದಲೇ ರಕ್ಷಣೆ ಎನ್ನುವವರಿಗೆ ಸನ್ನಡತೆಯ ಅಗತ್ಯವಾದರೂ ಏನು?

ಉತ್ತರ 1 (ತಿಕೋಟಾದಿಂದ)

ನೀವು ನಿಲ್ಲಿಸಿದ ಕಡೆಯಿಂದ ಇನ್ನೆರಡು ವಚನ ಮುಂದೆ ಓದಿ (ಬೈಬಲಿನ ಸಾಲುಗಳನ್ನೂ ನಾವು ವಚನವೆಂದೇ ಕರೆಯುತ್ತೇವೆ). ಚಿಕ್ಕಂದಿನಿಂದ ಇವೆಲ್ಲವನ್ನೂ ಪಾಲಿಸಿದ್ದೇನೆ ಎಂದವನನ್ನು ಯೇಸು ದೃಷ್ಟಿಸಿ ನೋಡಿ ಪ್ರೀತಿಸಿದನೆಂದು ಮಾರ್ಕನು ಬರೆಯುತ್ತಾನೆ. ಆಸ್ತಿಯನ್ನು ಮಾರಿ ಬಡವರಿಗೆ ಕೊಟ್ಟು ನನ್ನನ್ನು ಹಿಂಬಾಲಿಸು ಎಂಬ ಮಾತು ಬರುವುದು ಅದಾದ ಮೇಲೆ. ಅವನು ದುಃಖದಿಂದ ಹೊರಟುಹೋದನು, ಆದರೆ ಪ್ರೀತಿ ಅವನ ಒಪ್ಪಿಗೆಗಾಗಿ ಕಾದಿರಲಿಲ್ಲ. ಕೃಪೆಯೆಂದರೆ ನಾನು ತಿಳಿದಿರುವುದು ಇದನ್ನೇ.

ನಮ್ಮದು ದ್ರಾಕ್ಷಿ ಬೆಳೆಯುವ ಮನೆ. ಆದ್ದರಿಂದ ಯೋಹಾನನ 15ನೆಯ ಅಧ್ಯಾಯ ನನಗೆ ಬಹಳ ಹತ್ತಿರದ್ದು. ಅಲ್ಲಿ ಯೇಸು ತನ್ನನ್ನು ಬಳ್ಳಿಯೆಂದೂ ಶಿಷ್ಯರನ್ನು ಕೊಂಬೆಗಳೆಂದೂ ತಂದೆಯನ್ನು ತೋಟಗಾರನೆಂದೂ ಹೇಳುತ್ತಾನೆ. ಹಣ್ಣು ಬಿಟ್ಟದ್ದಕ್ಕೆ ಕೂಲಿಯಾಗಿ ಕೊಂಬೆಗೆ ಬಳ್ಳಿ ಸಿಗುವುದಿಲ್ಲ, ಬಳ್ಳಿಯಲ್ಲಿ ನೆಲೆಸಿರುವುದರಿಂದಲೇ ಅದು ಹಣ್ಣು ಬಿಡುತ್ತದೆ. ಎರಡನೆಯ ವಚನ ಇನ್ನೂ ಕಠಿಣವಾಗಿದೆ: ಫಲ ಕೊಡುವ ಕೊಂಬೆಯನ್ನೇ ತೋಟಗಾರನು ಸವರುತ್ತಾನೆ. ನಾವು ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಚಾಟನಿ (ಕೊಂಬೆ ಸವರುವ ಕೆಲಸ) ಮಾಡುತ್ತೇವೆ. ಕತ್ತರಿಸಿದ ತುದಿಗಳಿಂದ ನೀರು ತೊಟ್ಟಿಕ್ಕುವುದನ್ನು ಕಂಡಾಗಲೆಲ್ಲ, ಒಳ್ಳೆಯ ಬದುಕೆಂದರೆ ಸುಖದ ಬದುಕೆಂದು ಬೋಧಿಸುವವರು ಈ ವಚನವನ್ನು ಹೇಗೆ ದಾಟಿಹೋಗುತ್ತಾರೋ ಎಂದು ನನಗೆ ನೋವಾಗುತ್ತದೆ.

ಉತ್ತರ 2 (ಬೆಳಗಾವಿಯಿಂದ)

ಬಳ್ಳಿಯ ಮಾತನ್ನು ಒಪ್ಪುತ್ತೇನೆ, ಆದರೆ ಕೊಂಬೆಗೆ ಸ್ವಂತ ಇಚ್ಛೆಯಿಲ್ಲ, ಮನುಷ್ಯನಿಗಿದೆ. ಕಥೋಲಿಕರಾದ ನಾವು ಅಭ್ಯಾಸಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ವಿವೇಕ, ನ್ಯಾಯ, ಧೈರ್ಯ, ಸಂಯಮಗಳನ್ನು ಮನುಷ್ಯನು ರೂಢಿಯಿಂದ ಬೆಳೆಸಿಕೊಳ್ಳಬಹುದೆಂದೂ, ವಿಶ್ವಾಸ, ನಿರೀಕ್ಷೆ, ಪ್ರೀತಿಗಳನ್ನು ಮಾತ್ರ ದೇವರೇ ಕೊಡಬೇಕೆಂದೂ ವಿವರಿಸಿದರು. ಸಿಟ್ಟನ್ನು ತಡೆದು ಮಾತನಾಡುವುದನ್ನು ನಾನು ಐವತ್ತು ದಾಟಿದ ಮೇಲೂ ಕಲಿಯುತ್ತಿದ್ದೇನೆ. ಕೃಪೆ ನನ್ನನ್ನು ಆ ಕಲಿಕೆಯಿಂದ ಬಿಡಿಸಿಲ್ಲ, ಅದಕ್ಕೆ ಹಚ್ಚಿದೆ. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನ ಪತ್ರವೂ ಹೇಳುತ್ತದೆ. ಅಂದಹಾಗೆ, ಇದೇ ವಿಷಯಕ್ಕೆ ಶತಮಾನಗಳ ಕಾಲ ಬೇರೆಯಾಗಿದ್ದ ಕಥೋಲಿಕರೂ ಲೂಥರನ್ನರೂ (ಮಾರ್ಟಿನ್ ಲೂಥರನನ್ನು ಅನುಸರಿಸುವ ಪ್ರೊಟೆಸ್ಟಂಟರು) 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ, ಆ ಕೃಪೆಯೇ ನಮ್ಮನ್ನು ಸತ್ಕಾರ್ಯಕ್ಕೆ ಕರೆಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಶರಣು. ಒಂದು ಮಾತು ಉಳಿದಿದೆ. ನನ್ನ ತಂದೆ ಬೈಬಲನ್ನು ಮುಟ್ಟಿದವರಲ್ಲ. ಬರಗಾಲದಲ್ಲಿ ಹಗೇವಿನ ಜೋಳವನ್ನು ಜಾತಿ ಕೇಳದೆ ಅಳೆದುಕೊಟ್ಟವರು. ಅವರ ಒಳ್ಳೆಯತನವನ್ನು ನೀವು ಏನೆಂದು ಕರೆಯುತ್ತೀರಿ?

ಉತ್ತರ 3 (ತಿಕೋಟಾದಿಂದ)

ನಾನು ಅದನ್ನು ಒಳ್ಳೆಯತನವೆಂದೇ ಕರೆಯುತ್ತೇನೆ, ಮತ್ತು ಒಳ್ಳೆಯದೆಲ್ಲ ಒಂದೇ ಮೂಲದಿಂದ ಬರುತ್ತದೆಂದು ನಂಬುತ್ತೇನೆ. ಯೇಸು ಹೇಳಿದ ಒಂದು ಕಥೆಯಲ್ಲಿ, ದಾರಿಯಲ್ಲಿ ಅರೆಜೀವವಾಗಿ ಬಿದ್ದವನನ್ನು ಯಾಜಕನೂ ದೇವಾಲಯದ ಸೇವಕನಾದ ಲೇವಿಯನೂ ದಾಟಿಹೋದರು. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆಂದನು. ಯೇಸು ಮಾದರಿಯಾಗಿ ತೋರಿಸಿದ್ದು ಅವನನ್ನೇ. ಲೂಕನ 10ನೆಯ ಅಧ್ಯಾಯವನ್ನು 25ನೆಯ ವಚನದಿಂದ ಓದಿ. ಮಾರ್ಕನಲ್ಲಿ ಓಡಿಬಂದವನು ಕೇಳಿದ ಪ್ರಶ್ನೆಯಿಂದಲೇ ಅದೂ ಆರಂಭವಾಗುತ್ತದೆ.