ಆಯುಧ ಪೂಜೆ ಪ್ರಸಾದಕ್ಕೆ ಮನಸ್ಸಾಕ್ಷಿ ಒಪ್ಪಲ್ಲ, ಏನು ಮಾಡಲಿ?

ಸಿಂಧನೂರು ಗುಮಾಸ್ತ:
ಎಲ್ಲರಿಗೂ ವಂದನೆ. ಸಿಂಧನೂರಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರೈತರ ಭತ್ತ ಕಾಂಟಾಕ್ಕೆ (ತೂಕದ ತಕ್ಕಡಿಗೆ) ಹಾಕಿಸುವುದು, ಚೀಲಕ್ಕೆ ಇಷ್ಟು ಕಿಲೋ ಅಂತ ಸೂಟು ಕಳೆದು (ಭತ್ತ ಹಸಿ ಅಂತ ತೂಕದಲ್ಲೇ ಮುರಿದು) ರೈತರಿಗೆ ಪಟ್ಟಿ ಬರೆಯುವುದು, ಹಮಾಲರ ಕೂಲಿ ಲೆಕ್ಕ, ಇದೇ ಕೆಲಸ. ಮಾಲೀಕರು ಒಳ್ಳೆಯವರು. ಭಾನುವಾರ ಆರಾಧನೆಗೆ ಹೋಗಲು ಎಂದೂ ತಡೆದಿಲ್ಲ.

ತೊಂದರೆ ದಸರಾದ್ದು. ಆಯುಧ ಪೂಜೆ ದಿನ ಕಾಂಟಾ ತೊಳೆದು, ಕುಂಕುಮ ಹಚ್ಚಿ, ಚೆಂಡು ಹೂವಿನ ಹಾರ ಹಾಕುತ್ತಾರೆ. ನಾನು ಬರೆಯುವ ಲೆಕ್ಕದ ಪುಸ್ತಕವೂ ಪೂಜೆಗೆ. ಕಾಯಿ ಒಡೆದ ಮೇಲೆ ಮಾಲೀಕರೇ ಮಂಡಕ್ಕಿ, ಕೊಬ್ಬರಿ ಚೂರು, ಪೇಡೆ ಕೈಗೆ ಕೊಡುತ್ತಾರೆ. ಬೇಡ ಅಂದರೆ ಅವರಿಗೆ ಬೇಜಾರು. ತಿಂದರೆ ನನಗೆ ರಾತ್ರಿ ನಿದ್ದೆ ಇಲ್ಲ. ಪಾಸ್ಟರ್ ಮುಟ್ಟಲೇಬೇಡ ಅನ್ನುತ್ತಾರೆ. ನಮ್ಮ ಭಾವ, ಸುಮ್ನೆ ತಿನ್ನೋ, ಪೇಡೆ ಪೇಡೆನೇ ಅನ್ನುತ್ತಾರೆ. ಕೊನೆಗೆ ನನ್ನ ಮನಸ್ಸಾಕ್ಷಿ ಹೇಳಿದ್ದೇ ದೇವರ ಮಾತು ಅಲ್ವಾ?

ಗಂಗಾವತಿ ಬ್ರದರ್:
ಅಣ್ಣಾ, ಬೈಬಲ್‌ನಲ್ಲಿ ಅಪೊಸ್ತಲ ಪೌಲ ಬರೆದ ಪತ್ರ, 1 ಕೊರಿಂಥ 8 ಮತ್ತು 10ನೇ ಅಧ್ಯಾಯ ಓದಿ. ವಿಗ್ರಹ ಅನ್ನುವುದು ಏನೂ ಅಲ್ಲ ಅಂತ ಪೌಲನಿಗೆ ಗೊತ್ತಿತ್ತು. ಸಂತೆಯಲ್ಲಿ ಮಾರುವ ಮಾಂಸ ಎಲ್ಲಿಂದ ಬಂತು ಅಂತ ವಿಚಾರಿಸದೆ ತಿನ್ನಿ ಅಂದ. ಆದರೆ ಇದು ಬಲಿಗೆ ಕೊಟ್ಟದ್ದು ಅಂತ ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಗೋಸ್ಕರ ತಿನ್ನಬೇಡಿ ಅಂದ. ನಿಮ್ಮ ಮನಸ್ಸು ಒಪ್ಪದಿದ್ದರೆ ಬಿಡಿ. ಅನುಮಾನ ಇಟ್ಟುಕೊಂಡು ತಿನ್ನುವುದು ತಪ್ಪು ಅಂತ ರೋಮಾಪುರ 14:23ರಲ್ಲಿದೆ. ತಿನ್ನುವ ಭಾವನನ್ನು ಮಾತ್ರ ಬೈಯಬೇಡಿ.

ಬಳ್ಳಾರಿ ಟೀಚರ್:
ತಮ್ಮಾ, ಪೇಡೆಯ ಮಾತು ಬ್ರದರ್ ಸರಿಯಾಗಿ ಹೇಳಿದ್ದಾರೆ. ನನ್ನ ಕಣ್ಣು ನಿಂತಿದ್ದು ‘ಸೂಟು ಕಳೆದು’ ಅನ್ನುವಲ್ಲಿ. ಹಮಾಲಿ ಲೆಕ್ಕದ ಜೊತೆ ಅದನ್ನೂ ಬರೆದು ಹಾಗೇ ಮುಂದೆ ಹೋಗಿದ್ದೀರಿ.

ನಮ್ಮಪ್ಪ ಸಿರುಗುಪ್ಪದ ಕಡೆ ಭತ್ತ ಬೆಳೆಯುತ್ತಿದ್ದರು. ಅಂಗಡಿಯಲ್ಲಿ ಕೊಟ್ಟ ಪಟ್ಟಿಯನ್ನು ಮಡಚಿ ಅಂಗಿ ಜೇಬಿಗಿಟ್ಟುಕೊಂಡು ಬಂದು, ಬಸ್‌ಸ್ಟ್ಯಾಂಡಿನಲ್ಲಿ ತೆಗೆದು ನನ್ನ ಕೈಲಿ ಓದಿಸುತ್ತಿದ್ದರು. ಎಷ್ಟು ಚೀಲ ಒಯ್ದೆ ಅಂತ ಅವರಿಗೆ ಗೊತ್ತು. ತೂಕ ಎಲ್ಲಿ ಇಳಿಯಿತು ಅಂತ ಮಾತ್ರ ತಿಳಿಯುತ್ತಿರಲಿಲ್ಲ.

ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅಂತ ಜ್ಞಾನೋಕ್ತಿ 11:1ರಲ್ಲಿ ನೇರವಾಗಿಯೇ ಇದೆ. ಆದರೂ ನಿಮ್ಮ ನಿದ್ದೆ ಕೆಡಿಸುವುದು ಪೇಡೆ. ಯಾಕೆ? ಪ್ರಸಾದದ ಬಗ್ಗೆ ಚಿಕ್ಕಂದಿನಿಂದ ಪ್ರಸಂಗ ಕೇಳಿದ್ದೀರಿ. ಸೂಟಿನ ಬಗ್ಗೆ ಯಾವ ಪಾಸ್ಟರ್ ಪ್ರಸಂಗ ಮಾಡಿದ್ದಾರೆ? ನಮ್ಮ ಫಾದರೂ ಮಾಡಿಲ್ಲ ಬಿಡಿ. ಕಲಿಸಿದ ಕಡೆ ಮನಸ್ಸಾಕ್ಷಿ ಚುಚ್ಚುತ್ತದೆ, ಕಲಿಸದ ಕಡೆ ತೆಪ್ಪಗಿರುತ್ತದೆ. ಪೌಲನೂ ಇದನ್ನೇ ಹೇಳಿದ: ನನ್ನ ಮನಸ್ಸು ನನ್ನ ಮೇಲೆ ಯಾವ ತಪ್ಪೂ ಹೊರಿಸುತ್ತಿಲ್ಲ, ಹಾಗಂತ ನಾನು ನಿರ್ದೋಷಿಯಲ್ಲ (1 ಕೊರಿಂಥ 4:4). ನಮ್ಮ ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮನಸ್ಸಾಕ್ಷಿಯನ್ನು ದೇವರ ದನಿ ಕೇಳುವ ಗರ್ಭಗುಡಿ ಎಂಬಂತೆ ಹೊಗಳಿತು. ಪಾಪ ರೂಢಿಯಾದರೆ ಮನಸ್ಸಾಕ್ಷಿಗೆ ಮೆಲ್ಲಗೆ ಕಣ್ಣು ಕಾಣದಂತಾಗುತ್ತದೆ ಅಂತ ಅಲ್ಲೇ ಸೇರಿಸಿತು.

ಲಿಂಗಸೂಗೂರು:
ಮೇಡಂ, ಹಾಗಾದರೆ ಮನಸ್ಸಾಕ್ಷಿ ನಂಬಲೇಬಾರದಾ? 1521ರಲ್ಲಿ ಪೋಪರನ್ನು ಎದುರು ಹಾಕಿಕೊಂಡ ಮಾರ್ಟಿನ್ ಲೂಥರ್ ಜರ್ಮನಿಯ ವರ್ಮ್ಸ್‌ನಲ್ಲಿ ಚಕ್ರವರ್ತಿ ಎದುರು ನಿಂತಿದ್ದು ಅದರ ಮೇಲೇ ತಾನೆ? ಸೂಟು ಮಾಲೀಕರ ತೀರ್ಮಾನ. ಇವರು ಬರೆಯದಿದ್ದರೆ ನಾಳೆ ಇನ್ನೊಬ್ಬ ಬರೆಯುತ್ತಾನೆ. ಹೊಟ್ಟೆಪಾಡು ರೀ.

ಬಳ್ಳಾರಿ ಟೀಚರ್:
ಲೂಥರ್ ತನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಸೆರೆಯಾಗಿದೆ ಅಂದ ಸರ್. ನನಗೆ ಹೀಗನಿಸುತ್ತದೆ ಅಂತ ಅಷ್ಟಕ್ಕೇ ಬಿಡಲಿಲ್ಲ. ಕೆಲಸ ಬಿಡಿ ಅಂತ ನಾನೂ ಹೇಳಲ್ಲ, ಮನೆ ನಡೆಯಬೇಕಲ್ಲ. ಭತ್ತ ಹಸಿ ಇದ್ದರೆ ದರ ಇಳಿಸೋಣ, ತೂಕ ಇದ್ದಷ್ಟೇ ಬರೆಯೋಣ ಅಂತ ಮಾಲೀಕರನ್ನು ಒಮ್ಮೆ ಕೇಳಲಿ. ಆಗಲ್ಲ ಅಂದರೆ ಕಳೆದ ಕಿಲೋ ಎಷ್ಟು ಅಂತ ಪಟ್ಟಿಯಲ್ಲಿ ಬೇರೆ ತೋರಿಸಲಿ. ರೈತನಿಗಾದರೂ ಕಾಣಲಿ.

ಸಿಂಧನೂರು ಗುಮಾಸ್ತ:
ಅಕ್ಕಾ, ನಮ್ಮಲ್ಲಿ ಪಟ್ಟಿಗೆ ಹತ್ತುವುದು ಸೂಟು ಹೋಗಿ ಉಳಿದ ತೂಕ ಮಾತ್ರ. ಬೇರೆ ಕಾಲಂ ಹಾಕಿದರೆ ಅಕ್ಕಪಕ್ಕದ ಅಂಗಡಿಯವರು ಮಾಲೀಕರ ಮೇಲೆ ಬೀಳುತ್ತಾರೆ. ಗಂಗಾವತಿ, ಕಾರಟಗಿ ಕಡೆ ಯಾರಾದರೂ ಹಾಗೆ ಬರೆಯುತ್ತಿದ್ದರೆ ಒಂದು ಹಳೇ ಪಟ್ಟಿಯ ಫೋಟೊ ಹಾಕಿ. ಹೆಸರು ಮುಚ್ಚಿದರೂ ನಡೆಯುತ್ತದೆ. ಬರಿ ಬಾಯಿಮಾತಿಗೆ ಮಾಲೀಕರು ಒಪ್ಪಲ್ಲ, ಕಾಗದ ಇದ್ದರೆ ಕೇಳುತ್ತಾರೆ.