ಮನೆ ಹೊತ್ತುಕೊಂಡು ಸಮುದ್ರಕ್ಕೆ ಹೋದವರು

ಮೊನ್ನೆ ಸಂಜೆ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ, ನಾವು ದಿನಾ ಕೂರುವ ಚಹಾ ಅಂಗಡಿಯಲ್ಲಿ, ಮಲ್ಲು ಫೋನ್ ತೆಗೆದು ಫೋಟೊ ತೋರಿಸೋಕೆ ಶುರು ಮಾಡಿದ. ಮಲ್ಲು, ರಫೀಕ್, ನಾನು ಮೂವರೂ ಹೋದ ವಾರ ಕ್ಯಾರವಾನ್ ಬಾಡಿಗೆಗೆ ಹಿಡಿದು ಒಂದೇ ದಿನದಲ್ಲಿ ಕಾರವಾರದಿಂದ ಮಂಗಳೂರು ತನಕ ಕರಾವಳಿ ಸುತ್ತಿ ಬಂದಿದ್ದೆವು. ಬಸಣ್ಣ ಬಂದಿರಲಿಲ್ಲ. ತೊಗರಿ ರಾಶಿ ಇದೆ ಅಂದಿದ್ದ. ಅವನು ಹುಟ್ಟಿದಾಗಿನಿಂದ ಸಮುದ್ರ ನೋಡಿಲ್ಲ, ಹಾಗಾಗಿ ಸಮುದ್ರದ ಬಗ್ಗೆ ನಮಗಿಂತ ಜಾಸ್ತಿ ಮಾತಾಡುತ್ತಾನೆ.

"ಕ್ಯಾರವಾನ್ ಅಂದರೆ ಏನಪಾ?" ಅಂದ, ಮಿರ್ಚಿ ಮುರಿಯುತ್ತಾ.

"ಗಾಡಿಯೊಳಗೇ ಮನೆ ಬಸಣ್ಣ. ಮಂಚ, ಒಲೆ, ಫ್ರಿಜ್, ಸಂಡಾಸು, ಸ್ನಾನ, ಎಲ್ಲಾ ಇರುತ್ತೆ."

"ಜನ ಮನೆ ಬಿಟ್ಟು ಹೋದರೆ ಅದಕ್ಕೆ ಪ್ರವಾಸ ಅಂತಾರೆ. ನೀವು ಮನೆ ಹೊತ್ತುಕೊಂಡೇ ಹೋದಿರಾ? ಬಸವನಹುಳು ಥರ?"

"ನಿನ್ನ ಹೆಸರಿನ ಹುಳಾನೇ ಅಲ್ವಾ, ಮರ್ಯಾದೆ ಕೊಡು" ಅಂದ ರಫೀಕ್.

ಹೀಗೆ ಶುರುವಾದ ವಿಚಾರಣೆ ಮೂರು ಪ್ಲೇಟ್ ಮಿರ್ಚಿ ಮುಗಿಯೋವರೆಗೂ ನಡೆಯಿತು. ಮೊದಲು ಸೂರ್ಯೋದಯದ ವಿಷಯ ಬಂತು. ನಾನು ಅದನ್ನು ಮುಚ್ಚಿಡಬೇಕು ಅಂದುಕೊಂಡಿದ್ದೆ, ಆದರೆ ಫೋಟೊದಲ್ಲಿ ಟೈಮ್ ಕಾಣಿಸುತ್ತಿತ್ತು. ಮಲ್ಲು ಕಾರವಾರದಲ್ಲಿ ಬೆಳಗ್ಗೆ ಐದಕ್ಕೇ ಅಲಾರಂ ಇಟ್ಟು ನಮ್ಮನ್ನೆಲ್ಲಾ ಎಬ್ಬಿಸಿ, ಟ್ಯಾಗೋರ್ ಬೀಚಿನಲ್ಲಿ ಸಮುದ್ರದ ಕಡೆ ಮುಖ ಮಾಡಿ ನಿಲ್ಲಿಸಿದ್ದ. ಕೈಯಲ್ಲಿ ಫೋನ್, ಹೆಗಲ ಮೇಲೆ ರಗ್ಗು. ಏಳು ದಾಟಿದ ಮೇಲೆ ಬೆನ್ನು ಬಿಸಿಯಾಯಿತು. ತಿರುಗಿ ನೋಡಿದರೆ ಸೂರ್ಯ ಹಿಂದಿನ ಗುಡ್ಡದ ಮೇಲೆ ಆರಾಮಾಗಿ ಕೂತಿದ್ದಾನೆ!

"ಅರಬ್ಬಿ ಸಮುದ್ರ ಯಾವ ದಿಕ್ಕಿಗಿದೆ ಮಲ್ಲು?" ಬಸಣ್ಣ ಬಹಳ ಮೆತ್ತಗೆ ಕೇಳಿದ.

"ಪಶ್ಚಿಮಕ್ಕೆ."

"ಸೂರ್ಯ ಎಲ್ಲಿ ಹುಟ್ಟುತ್ತಾನೆ?"

ಮಲ್ಲು ಉತ್ತರ ಕೊಡದೆ ಇನ್ನೊಂದು ಚಹಾ ಹೇಳಿದ.

ಅಲ್ಲೇ ದಡದ ಮೇಲೆ ಐಎನ್‌ಎಸ್ ಚಾಪಲ್ ಅನ್ನುವ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಅಷ್ಟು ಬೆಳಗ್ಗೆ ಬಾಗಿಲು ಹಾಕಿತ್ತು. ರಫೀಕ್ ಗೇಟಿನ ಹೊರಗಿನಿಂದಲೇ ನೋಡಿ, "ನಮ್ಮ ಕಲಬುರಗಿ ಕೋಟೆಯ ಫಿರಂಗಿ 29 ಅಡಿ ಉದ್ದ, ಅದಕ್ಕೆ ಗೇಟೂ ಬೇಡ ಟಿಕೆಟೂ ಬೇಡ" ಅಂದು ಸಮಾಧಾನ ಮಾಡಿಕೊಂಡ. ಊರು ಬಿಟ್ಟು ಐನೂರು ಕಿಲೋಮೀಟರ್ ಬಂದರೂ ನಮ್ಮವರು ಹೋಲಿಸೋದು ಊರಿನದ್ದನ್ನೇ.

ಇನ್ನು ರೊಟ್ಟಿ. ಇದನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನೋವಾಗಿದ್ದು ನನಗೆ. ನಮ್ಮ ಅವ್ವ ಅರವತ್ತು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ನಮ್ಮ ಕಡೆ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇಟ್ಟರೂ ಏನೂ ಆಗಲ್ಲ, ಇಲ್ಲಿನ ಗಾಳಿಯೇ ಅಂಥ ಒಣ. ಅಂಕೋಲಾ ದಾಟುವಾಗ ಗಂಟು ಬಿಚ್ಚಿದೆ. ಮುರಿದರೆ ಟಪ್ ಅನ್ನಬೇಕಾದ ರೊಟ್ಟಿ ಸುಮ್ನೆ ಬಗ್ಗಿತು. ಇನ್ನೊಂದು ತೆಗೆದೆ, ಅದೂ ಬಗ್ಗಿತು. ಕೊನೆಗೆ ನಾಲ್ಕು ಮಡಿಕೆ ಮಾಡಿ ಕರವಸ್ತ್ರದ ಥರ ಜೇಬಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಆ ಕಡೆ ಗಾಳಿಯಲ್ಲೇ ನೀರಿರುತ್ತೆ, ಬಟ್ಟೆ ಒಣಗಲ್ಲ, ಉಪ್ಪು ಡಬ್ಬಿಯಲ್ಲೇ ಗಂಟು ಕಟ್ಟುತ್ತೆ, ಅವ್ವನ ರೊಟ್ಟಿ ಎಲ್ಲಿ ತಡೆಯಬೇಕು.

"ಒಲೆ ಮೇಲೆ ಕಾಯಿಸಬೇಕಿತ್ತು" ಅಂದ ಬಸಣ್ಣ.

ಕಾಯಿಸಿದೆವು. ಓಡುವ ಗಾಡಿಯಲ್ಲಿ ಒಲೆ ಹಚ್ಚಬಾರದು, ಅದಕ್ಕೆ ಮಿರ್ಜಾನ್ ಕೋಟೆ ಹತ್ತಿರ ನಿಲ್ಲಿಸಿ ಮೂವರೂ ಕೂತು ರೊಟ್ಟಿ ಸುಟ್ಟೆವು. ಕೋಟೆ ನೋಡಲು ಬಂದವರೆಲ್ಲ ಕೋಟೆ ಬಿಟ್ಟು ನಮ್ಮ ಗಾಡಿಯ ಹೊಗೆ ನೋಡುತ್ತಿದ್ದರು.

ಮತ್ತೆ ನೀರಿನ ಜಗಳ. ಗಾಡಿಯ ಟ್ಯಾಂಕಿಗೆ ನೂರು ಲೀಟರ್ ಹಿಡಿಯುತ್ತಿತ್ತು. ನೂರು ಲೀಟರ್ ಅಂದರೆ ನೂರು ಕೆಜಿ, ಅಂದರೆ ಒಂದು ಕ್ವಿಂಟಲ್. ಇದನ್ನು ಹೇಳಿದ ಕೂಡಲೇ ಬಸಣ್ಣನಿಗೆ ಎಲ್ಲಾ ಅರ್ಥವಾಯಿತು. "ಅಂದರೆ ಒಂದು ಕ್ವಿಂಟಲ್ ತೊಗರಿ ಹೇರಿಕೊಂಡು ಹೋದ ಹಾಗೆ! ಡೀಸೆಲ್ ಕುಡಿಯಲ್ವಾ?" ಕುಡಿಯುತ್ತೆ. ಆದರೆ ಕುಮಟಾ ಬರುವಷ್ಟರಲ್ಲಿ ಮೇಲಿನ ಟ್ಯಾಂಕಿನಲ್ಲಿ ಹನಿ ನೀರೂ ಉಳಿದಿರಲಿಲ್ಲ. ಮಲ್ಲು ಹಾಡು ಹೇಳಿಕೊಂಡು ಸ್ನಾನ ಮಾಡಿದ್ದ. ಕೊಡ ಲೆಕ್ಕದಲ್ಲಿ ನೀರು ಬಳಸುವ ಮನೆಯಲ್ಲಿ ಬೆಳೆದವನು, ಶವರ್ ಸಿಕ್ಕ ಕೂಡಲೇ ಸುಲ್ತಾನ ಆಗಿಬಿಟ್ಟ. ಹೋದ ನೀರು ಎಲ್ಲೂ ಹೋಗಿರಲ್ಲ, ಕೆಳಗಿನ ಕೊಳೆನೀರಿನ ಟ್ಯಾಂಕಿನಲ್ಲಿ ಕೂತಿರುತ್ತೆ ಅನ್ನೋದು ವಾಸನೆ ಬಂದ ಮೇಲೆ ಗೊತ್ತಾಯಿತು.

ಹಾಗಂತ ಎಲ್ಲಾ ಗೋಳೇ ಅಲ್ಲ. ಗಂಗಾವಳಿ, ಅಘನಾಶಿನಿ, ಶರಾವತಿ, ಒಂದು ಬೆಳಗ್ಗೆಯಲ್ಲಿ ಮೂರು ನದಿ ದಾಟಿದೆವು, ಮೂರರಲ್ಲೂ ದಡದಿಂದ ದಡಕ್ಕೆ ನೀರು. ಹೊನ್ನಾವರದಲ್ಲಿ ಶರಾವತಿ ಮೇಲಿನ ಕೊಂಕಣ ರೈಲಿನ ಸೇತುವೆ ಎರಡು ಕಿಲೋಮೀಟರ್‌ಗಿಂತ ಉದ್ದ. ಇದನ್ನು ಕೇಳಿ ಬಸಣ್ಣ ಒಂದು ನಿಮಿಷ ಸುಮ್ಮನಾದ. ಬೇಸಿಗೆಯಲ್ಲಿ ಭೀಮೆಯ ಮರಳು ನೋಡಿ ಬೆಳೆದ ಯಾರಾದರೂ ಸುಮ್ಮನಾಗುತ್ತಾರೆ.

ಡ್ರೈವರ್ ಅಣ್ಣನ ಬಗ್ಗೆ ಹೇಳಲೇಬೇಕು. ಗಾಡಿ ಜೊತೆ ಬಂದವರು. ಇಡೀ ದಿನದಲ್ಲಿ ಬಾಯಿ ಬಿಟ್ಟಿದ್ದು ಮೂರೇ ಸಲ. ಮೊದಲನೆಯದು ಗಾಡಿ ಹೊರಟಾಗ: "ಕಂಬಿ ಹಿಡ್ಕೊಳ್ಳಿ." ಎರಡನೆಯದು ಹೊನ್ನಾವರದಲ್ಲಿ, ರಫೀಕ್ ಒಂದು ಚೀಲ ಬಂಗುಡೆ ಮೀನು ಹಿಡಿದು ಹತ್ತಿದಾಗ. ಗಾಡಿಯಲ್ಲಿದ್ದದ್ದು ಒಂದೇ ಬಾಣಲೆ. ಮಲ್ಲು ಶುದ್ಧ ಸಸ್ಯಾಹಾರಿ, ಬಾಣಲೆಯನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಕೂತ. ವಾದ ಜೋರಾಯಿತು. ಆಗ ಡ್ರೈವರ್ ಅಣ್ಣ ತಿರುಗದೆಯೇ, "ಒಳಗೆ ಮೀನು ಕರಿದರೆ ನಾನು ಇಳೀತೀನಿ" ಅಂದರು. ಸೀಟಿನ ಬಟ್ಟೆಗೆ ಹಿಡಿದ ವಾಸನೆ ವಾರ ಆದರೂ ಬಿಡಲ್ವಂತೆ. ಬಂಗುಡೆ ಭಟ್ಕಳದ ಒಂದು ಸಣ್ಣ ಹೋಟೆಲಿನವರ ಕೈ ಸೇರಿತು, ಅವರೇ ಕರಿದುಕೊಟ್ಟರು. ರಫೀಕ್ ಆ ಮೀನಿನ ರುಚಿ ಹೇಳುವಾಗ ಇವತ್ತಿಗೂ ಕಣ್ಣು ಮುಚ್ಚುತ್ತಾನೆ.

ಮುರುಡೇಶ್ವರದಲ್ಲಿ 123 ಅಡಿ ಶಿವ. ದರ್ಶನಕ್ಕಿಂತ ಗಾಡಿ ನಿಲ್ಲಿಸೋಕೆ ಜಾಗ ಹುಡುಕಿದ್ದೇ ಜಾಸ್ತಿ ಹೊತ್ತು.

ಆಮೇಲೆ ಮರವಂತೆ. ಇಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೈವೇ. ಗಾಡಿ ಪಕ್ಕಕ್ಕೆ ಹಾಕಿ ಚಹಾ ಕಾಯಿಸಿದೆವು. ಒಂದು ಹತ್ತು ನಿಮಿಷ ಯಾರೂ ಮಾತಾಡಲಿಲ್ಲ, ನಮ್ಮಲ್ಲಿ ಅದು ದಾಖಲೆ. ಅಷ್ಟಕ್ಕೇ ಬಿಟ್ಟಿದ್ದರೆ ಚಲೋ ಇತ್ತು. ಆದರೆ ಸ್ವಲ್ಪ ಮುಂದೆ ಒಂದು ಕಡೆ, ಗಾಡಿಯನ್ನು ನೀರಿನ ಹತ್ತಿರ ಇಳಿಸೋಣ, ಫೋಟೊ ಚಂದ ಬರುತ್ತೆ ಅಂತ ಒಬ್ಬ ದಡ್ಡ ಹೇಳಿದ. ಆ ದಡ್ಡ ನಾನೇ. ಹಿಂದಿನ ಚಕ್ರ ಎರಡೂ ಮರಳಿನಲ್ಲಿ ಹೂತವು. ಎಕ್ಸಲೇಟರ್ ಒತ್ತಿದಷ್ಟೂ ಗಾಡಿ ಕೆಳಗೆ ಹೋಗುತ್ತಿತ್ತು. ಡ್ರೈವರ್ ಅಣ್ಣ ಇಳಿದು, ಸೊಂಟಕ್ಕೆ ಕೈ ಇಟ್ಟು, ಮೂರನೆಯ ಮಾತು ಆಡಿದರು: "ನಾನು ಹೇಳಿದ್ದೆ." ಹೇಳಿರಲಿಲ್ಲ. ಆದರೆ ಅವರ ಮುಖ ನೋಡಿ ನಾವು ಹೌದ್ರಿ ಅಂದೆವು.

ಬಲೆ ಸರಿಮಾಡುತ್ತಿದ್ದ ನಾಲ್ಕು ಜನ ಎದ್ದು ಬಂದರು. ಮಲ್ಲು ಗಾಬರಿಯಲ್ಲಿ ನಮ್ಮ ಕಲಬುರಗಿ ಕನ್ನಡವನ್ನು, ಅದರಲ್ಲಿ ಅರ್ಧ ಉರ್ದು ಬೆರೆಸಿ, ಒಂದೇ ಉಸಿರಿನಲ್ಲಿ ಸುರಿದ. ಅವರಲ್ಲಿ ಹಿರಿಯರು ಪೂರ್ತಿ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಟ್ಟರು. "ನಮ್ಮದೂ ಕನ್ನಡಾನೇ ರೀ!" ಅಂತ ಮಲ್ಲು ಕೂಗಿದ. "ಹೌದಾ ಮಾರಾಯ್ರೆ?" ಅಂದರು, ನಂಬಿದ ಹಾಗೆ ಕಾಣಲಿಲ್ಲ. ಆದರೆ ಕೆಲಸ ಬಲ್ಲವರು. ಮೊದಲು ಟೈರಿನ ಗಾಳಿ ಅರ್ಧ ಬಿಡಿಸಿದರು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಮರಳಿನ ಮೇಲೆ ಕೂರುತ್ತೆ, ಒಳಗೆ ಇಳಿಯಲ್ಲ. ನಮ್ಮ ಒಂಟೆ ಪಾದದ ಲೆಕ್ಕ. ಚಕ್ರದ ಮುಂದೆ ತೆಂಗಿನ ಗರಿ ಹಾಸಿ, ದೋಣಿ ಎಳೆಯುವ ಹಗ್ಗ ಕಟ್ಟಿ, ಒಂದೇ ಸಲ ಎಳೆದರು. ದುಡ್ಡು ಕೊಡಲು ಹೋದರೆ ಬೇಡ ಅಂದರು. ರೊಟ್ಟಿ ಕೊಟ್ಟೆವು. ಈ ಸಲ ಮೆತ್ತಗಿದ್ದದ್ದೇ ಒಳ್ಳೆಯದಾಯಿತು, ಹಿಂಡಿ ಜೊತೆ ತಿಂದು ಚಂದ ಉಂಟು ಅಂದರು.

ಇದರಲ್ಲಿ ಎರಡು ಗಂಟೆ ಹೋಯಿತು, ಹಾಗಾಗಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಕೆ ಆಗಲಿಲ್ಲ. ಅಲ್ಲಿ ಕಂಬ ಜೋಡಿಸಿದ ಹಾಗೆ ಕಲ್ಲುಗಳಿವೆ, ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಲಾವಾ ಆರಿ ಆಗಿದ್ದು.

"ಲಾವಾ ಕಲ್ಲು ನೋಡೋಕೆ ಅಷ್ಟು ದೂರ ಯಾಕೆ?" ಅಂದ ಬಸಣ್ಣ. "ನನ್ನ ಹೊಲದ ಕಪ್ಪು ಮಣ್ಣು ಯಾವುದರದ್ದು? ಅದೂ ಲಾವಾನೇ."

"ಅದು 6.6 ಕೋಟಿ ವರ್ಷದ್ದು. ದ್ವೀಪದ್ದು ನಿನ್ನ ಹೊಲಕ್ಕೆ ಅಣ್ಣ ಆಗಬೇಕು" ಅಂದೆ.

ಸೂರ್ಯ ಮುಳುಗೋದನ್ನು ಮಾತ್ರ ಕಾಪುವಿನಲ್ಲಿ, 1901ರ ದೀಪಸ್ತಂಭದ ಬುಡದಲ್ಲಿ ಕೂತು ಪೂರ್ತಿ ನೋಡಿದೆವು. ಈ ಸಲ ದಿಕ್ಕು ಸರಿಯಾಗಿತ್ತು.

ಬಸಣ್ಣ ಫೋಟೊಗಳನ್ನು ಮತ್ತೆ ಹಿಂದಕ್ಕೆ ಸರಿಸುತ್ತಾ ಹೋದ. "ಎಲ್ಲಾ ಸಮುದ್ರದ ಫೋಟೊಗೂ ಸುತ್ತ ಒಂದು ಬಿಳಿ ಚೌಕಟ್ಟು ಯಾಕಿದೆ?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ರಫೀಕ್ ಒಪ್ಪಿಕೊಂಡ. ಗಾಡಿಯಲ್ಲಿ ಕೂರುವ ಸೀಟು, ದೊಡ್ಡ ಕಿಟಕಿ ಎಲ್ಲಾ ಎಡಗಡೆ. ಬಲಗಡೆ ಅಡುಗೆ ಕಟ್ಟೆ, ಕಪಾಟು, ಸಂಡಾಸು. ಸಮುದ್ರ ಇಡೀ ದಾರಿ ಬಲಗಡೆ. ಆ ಕಡೆ ಇದ್ದ ಒಂದೇ ಕಿಟಕಿ ಸಂಡಾಸಿನದ್ದು. ಪಾಳಿ ಹಚ್ಚಿ, ಒಬ್ಬರಾದ ಮೇಲೆ ಒಬ್ಬರು ಒಳಗೆ ಹೋಗಿ ನೋಡಿ ಬರುತ್ತಿದ್ದೆವು. ಮಲ್ಲು ಒಳಗೆ ಹೋದರೆ ಬಾಗಿಲು ಬಡಿಯಬೇಕಿತ್ತು.

ಬಸಣ್ಣ ನಗಲಿಲ್ಲ. ಮಿರ್ಚಿ ಕಟ್ಟಿದ್ದ ಪೇಪರ್ ಬಿಡಿಸಿ, ಚಟ್ನಿಯಲ್ಲಿ ಬೆರಳು ಅದ್ದಿ ಉದ್ದಕ್ಕೆ ಒಂದು ಗೆರೆ ಎಳೆದ. ಮೇಲೊಂದು ಚುಕ್ಕೆ ಕಾರವಾರ, ಕೆಳಗೊಂದು ಚುಕ್ಕೆ ಮಂಗಳೂರು. ಎಡಗಡೆ ಅಂಗೈ ಅಗಲ ಚಟ್ನಿ ಸವರಿ ಸಮುದ್ರ ಮಾಡಿದ. ತೊಟ್ಟು ಸಮೇತ ಒಂದು ಮಿರ್ಚಿ ಎತ್ತಿ, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಓಡಿಸಿದ.

"ಮಂಗಳೂರಿನಿಂದ ಹೊರಟಿದ್ದರೆ?"

ಸಮುದ್ರ ಎಡಗಡೆ ಬಂತು.

ಚಹಾ ಅಂಗಡಿ ಹುಡುಗ ಕೂಡ ಬಗ್ಗಿ ನೋಡಿ ಹೌದಲ್ಲಾ ಅಂದ. ಬಸಣ್ಣ ಆ ಗಾಡಿಯನ್ನು ಬಾಯಿಗೆ ಹಾಕಿಕೊಂಡು, ಬೆರಳು ಒರೆಸಿಕೊಂಡು, ರಾಶಿ ಮುಗಿಯೋಕೆ ಇನ್ನು ಎಂಟು ದಿನ ಸಾಕು ಅಂದ. ಗಾಡಿಗೆ ಎಷ್ಟು ಅಡ್ವಾನ್ಸ್ ಕೊಡಬೇಕು ಅಂತಾನೂ ಕೇಳಿದ.