ಮಂಡಗದ್ದೆ, ಮಳೆ, ಮಗಳು: ಯಾವ ಲೆನ್ಸ್ ತಗೊಳ್ಳಲಿ?

ಪ್ರಶ್ನೆ: ಊರು ಶಿವಮೊಗ್ಗ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್, ಅದೇ ಲೆನ್ಸಿನಲ್ಲಿ ದೃಶ್ಯ ಇನ್ನೂ ಹತ್ತಿರ ಕಾಣುವ) ಕ್ಯಾಮೆರಾ, ಜೊತೆಗೆ ಬಂದ 18-55 ಬಿಟ್ಟರೆ ಬೇರೆ ಲೆನ್ಸ್ ಇಲ್ಲ. ಭಾನುವಾರ ಹೆಂಡತಿ, ಆರು ವರ್ಷದ ಮಗಳ ಜೊತೆ ಮಂಡಗದ್ದೆ ಅಥವಾ ಗುಡವಿ ಪಕ್ಷಿಧಾಮ, ವರ್ಷಕ್ಕೊಮ್ಮೆ ರಂಗನತಿಟ್ಟು, ಹಕ್ಕಿ ಫೋಟೊಗೆ. ₹80,000 ಒಳಗೆ ಒಂದೇ ಟೆಲಿ ಲೆನ್ಸ್. 150-600 ಮಿಮೀ ಜೂಮೋ, 100-400ಓ (ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ)? ಬಳಸಿದವರು ಹೇಳಿ.

ತುಂಗಾತೀರ: 150-600. ಮಂಡಗದ್ದೆಯಲ್ಲಿ ಹಕ್ಕಿಗಳು ಹೊಳೆ ನಡುವಿನ ದಿಬ್ಬದಲ್ಲಿ, ನಾವು ದಡದಲ್ಲಿ. ಹತ್ತಿರ ಹೋಗುವ ದಾರಿಯೇ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಗೂಡಿನ ಕಾಲ, ಬೆಳಕು ಮಾತ್ರ ಸತ್ತಿರುತ್ತದೆ. 600ರಲ್ಲಿ ಲೆನ್ಸ್ ತೆರೆಯುವುದು f/6.3ರಷ್ಟೇ, ಹಾರುವ ಬೆಳ್ಳಕ್ಕಿಗೆ 1/1600 ಸೆಕೆಂಡಿನ ಶಟರ್ ಬೇಕೆಂದರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಹೆಚ್ಚಿದಷ್ಟೂ ಫೋಟೊ ಕಾಳುಕಾಳು) 3200 ದಾಟುತ್ತದೆ, ಒಪ್ಪಿಕೊಳ್ಳಿ. ಕೂತ ಹಾವಕ್ಕಿಗೆ ಟ್ರೈಪಾಡ್ ಮೇಲೆ 1/250 ಸಾಕು. ಒದ್ದೆ ಎಲೆಯ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಹಕ್ಕಿ ಇದ್ದರೆ ಎಕ್ಸ್‌ಪೋಷರ್ (ಫೋಟೊ ಎಷ್ಟು ಬೆಳ್ಳಗೆ ಬರಬೇಕೆಂಬ ಅಳತೆ) −1ಕ್ಕೆ ಇಳಿಸಿ, ಇಲ್ಲದಿದ್ದರೆ ಗರಿ ಸುಣ್ಣ ಬಳಿದಂತೆ ಬರುತ್ತದೆ. ಅದೇ ಹಕ್ಕಿ ಮೋಡದ ಎದುರು ಹಾರಿದರೆ +1.

ನನ್ನ ಲೆಕ್ಕ: ಲೆನ್ಸ್ ₹76,000. 95 ಮಿಮೀ ಫಿಲ್ಟರ್ ₹4,200. ಗಿಂಬಲ್ ಹೆಡ್ (ಟ್ರೈಪಾಡ್ ಮೇಲೆ ಭಾರದ ಲೆನ್ಸ್ ಸಲೀಸಾಗಿ ತಿರುಗಿಸುವ ತಲೆ) ₹8,500. ಮಳೆಕೋಟು ₹2,300, ಅದು ಹೊಲಿಗೆಯಲ್ಲೇ ಸೋರಿತು. ಈಗ ಕ್ಯಾಮೆರಾ ಮೇಲೆ ₹20ರ ಶವರ್ ಕ್ಯಾಪ್, ಲೆನ್ಸಿಗೆ ದಪ್ಪ ಹಾಲಿನ ಕವರ್ ಕತ್ತರಿಸಿ ಎರಡು ರಬ್ಬರ್ ಬ್ಯಾಂಡ್.

ಹೆಜ್ಜಾರ್ಲೆ: ಮೇಲಿನವರು ತೂಕ ಹೇಳಲೇ ಇಲ್ಲ. ಆ ಲೆನ್ಸ್ ಹತ್ತಿರ ಹತ್ತಿರ 2 ಕೆಜಿ, ಟ್ರೈಪಾಡ್ ಸೇರಿದರೆ 5. ಒಂದು ಕೈಯಲ್ಲಿ ಮಗುವಿನ ಕೈ ಹಿಡಿದು ಅದನ್ನು ಹೊರಿ ನೋಡೋಣ. ರಂಗನತಿಟ್ಟಿನ ದೋಣಿಯಲ್ಲಿ ಮೊಸಳೆ ಕೂತ ಬಂಡೆಗೆ 8–10 ಮೀಟರ್‌ವರೆಗೂ ಹೋಗುತ್ತಾರೆ. ಕ್ರಾಪ್ ಕ್ಯಾಮೆರಾದಲ್ಲಿ 600 ಹಾಕಿದರೆ ಸಿಗುವುದು ಕಣ್ಣು, ಎರಡು ಹಲ್ಲು. ಚಮಚದ ಕೊಕ್ಕಿನ ಹಕ್ಕಿ, ಬಣ್ಣದ ಕೊಕ್ಕರೆಗೆ 100-400 ಧಾರಾಳ. ದೋಣಿಯಲ್ಲಿ ಟ್ರೈಪಾಡ್ ಊರಬೇಡಿ, ಮರದ ಹಲಗೆಯ ನಡುಕ ನೇರ ಲೆನ್ಸಿಗೆ ಬರುತ್ತದೆ. ಮೊಣಕೈ ಪಕ್ಕೆಗೆ ಒತ್ತಿ, 1/1600. ಒಂಬತ್ತೂವರೆ ಆದಮೇಲೆ ನೀರಿನ ಮೇಲಿನ ಬಿಸಿಗಾಳಿಗೆ ಫೋಟೊ ಕಲಸಿಹೋಗುತ್ತದೆ, ಅದಕ್ಕೆ ಲೆನ್ಸನ್ನು ಬೈದು ಉಪಯೋಗವಿಲ್ಲ. ಇನ್ನೊಂದು: ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ಬಂದ್. ಮಳೆಗಾಲದಲ್ಲಿ ಹೊರಹರಿವು ನೋಡದೆ ಹೊರಟರೆ ಗೇಟಿನಿಂದಲೇ ವಾಪಸ್.

ತುಂಗಾತೀರ: ಅವರು ಕೇಳಿದ್ದು ಮಂಡಗದ್ದೆ. ವರ್ಷಕ್ಕೊಂದು ದೋಣಿ ಸವಾರಿಗೆ ಲೆನ್ಸ್ ಕೊಳ್ಳುತ್ತಾರಾ?

ಹೆಜ್ಜಾರ್ಲೆ: ದಡದಿಂದ ಐಎಸ್‌ಒ 6400ರಲ್ಲಿ ತೆಗೆದ ಬಿಳಿ ಚುಕ್ಕೆಗಳನ್ನು ಕತ್ತರಿಸಿ ಕತ್ತರಿಸಿ ‘ಹಕ್ಕಿ’ ಅನ್ನುವವರಿಗೆ ಏನು ಹೇಳಲಿ.

ಬೂಸ್ಟು: ಇಬ್ಬರೂ ಜಗಳ ನಿಲ್ಲಿಸಿ. ಮಲೆನಾಡಿನಲ್ಲಿ ಮೊದಲ ವೆಚ್ಚ ಲೆನ್ಸಿನದಲ್ಲ, ಬೂಸ್ಟಿನದು. ಉದ್ದಕ್ಕೆ ಚಾಚುವ ಜೂಮ್ ಎಲ್ಲವೂ ಪಂಪು. ಚಾಚಿದಾಗಲೆಲ್ಲ ತೇವದ ಗಾಳಿ ಒಳಕ್ಕೆ ಎಳೆಯುತ್ತದೆ. ತೇವಾಂಶ ವಾರಗಟ್ಟಲೆ ಶೇ 70 ದಾಟಿದ್ದರೆ ಗಾಜಿನ ಒಳಗೆ ಜೇಡರ ಬಲೆಯಂಥ ಎಳೆ ಏಳುತ್ತದೆ. ನನ್ನದು ಮೂರನೇ ಗಾಜಿನ ಗುಂಪಿನಲ್ಲಿ. ಬಿಚ್ಚಿ ತೊಳೆಯಲು ₹6,800. ವಾಪಸ್ ಬಂದಾಗ ಫೋಕಸ್ ಬಲಕ್ಕೆ ವಾಲಿತ್ತು, ಸರಿಪಡಿಸಲು ಮತ್ತೆ ₹2,500. ಐದು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಎಳೆ. ಬೂಸ್ಟಿನ ಬೇರು ಗಾಜಿನ ಮೇಲಿನ ಕೋಟಿಂಗನ್ನು ತಿಂದಿದ್ದರೆ ಎಷ್ಟು ತೊಳೆದರೂ ಕಲೆ ಹೋಗದು.

₹80,000ದಲ್ಲಿ 10,000 ಡ್ರೈ ಕ್ಯಾಬಿನೆಟ್‌ಗೆ (ಒಳಗಿನ ತೇವ ಇಳಿಸುವ ಕರೆಂಟಿನ ಕಪಾಟು) ಎತ್ತಿಡಿ. ಒಳಗೆ 40ರಿಂದ 50 ಇರಲಿ. 30ಕ್ಕಿಂತ ಇಳಿಸಿದರೆ ರಬ್ಬರ್, ಗ್ರೀಸ್ ಒಣಗುತ್ತವೆ. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ, ಬೂಸ್ಟಿಗೆ ಅದೇ ಮನೆ.

ಅಕ್ಕಿಡಬ್ಬಿ: ಇಷ್ಟೆಲ್ಲ ಯಾಕೆ? ಅಕ್ಕಿ ಡಬ್ಬಿಯಲ್ಲಿ ಹೂತಿಡಿ, ನಾಲ್ಕು ನುಸಿಗುಳಿಗೆ ಹಾಕಿ. ಹನ್ನೊಂದು ವರ್ಷ, ಒಂದು ಎಳೆ ಇಲ್ಲ.

ಬೂಸ್ಟು: ದಯವಿಟ್ಟು ಯಾರೂ ಮಾಡಬೇಡಿ. ಅಕ್ಕಿಯ ಹಿಟ್ಟು ಜೂಮ್ ರಿಂಗಿನೊಳಗೆ ಹೋದರೆ ಬೂಸ್ಟಿಗೆ ಊಟ ಬಡಿಸಿದಂತೆ. ನುಸಿಗುಳಿಗೆಯ ಆವಿ ಗಾಜಿನ ಮೇಲೆ ಪದರವಾಗಿ ಕೂರುತ್ತದೆ.

ಅಕ್ಕಿಡಬ್ಬಿ: ನನ್ನ ಲೆನ್ಸ್ ನೋಡದೆ ತೀರ್ಪು. ₹9,300 ಕಳೆದುಕೊಂಡವರು ಬಿಟ್ಟಿ ಉಪಾಯ ಒಪ್ಪುವುದು ಕಷ್ಟ, ಅರ್ಥವಾಗುತ್ತದೆ.

ತೀರ್ಥಳ್ಳಿ ಕಡೆ: ಕ್ಯಾಬಿನೆಟ್ ಅನ್ನುವವರು ಪೇಟೆಯವರು ಮಾರಾಯ್ರೆ. ಗಾಳಿಮಳೆಗೆ ಕಂಬ ಬಿದ್ದರೆ ನಮ್ಮಲ್ಲಿ ಮೂರು ದಿನ ಕರೆಂಟಿಲ್ಲ, ಆಗ ಅದು ಬರೀ ಕಪಾಟು. ರಬ್ಬರ್ ಗ್ಯಾಸ್ಕೆಟ್ ಇರುವ 20 ಲೀಟರ್ ಡಬ್ಬಿ, ತೇವ ಹೀರಿ ಬಣ್ಣ ಬದಲಾಗುವ ಸಿಲಿಕಾ ಜೆಲ್ ಅರ್ಧ ಕೆಜಿ, ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್. ಒಟ್ಟು ₹1,400. ಕಿತ್ತಳೆ ಹಸಿರಾದರೆ 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ. ಬಾಣಲೆಯಲ್ಲಿ ಹುರಿಯಬೇಡಿ, ಕಪ್ಪಾಗಿ ಸತ್ತೇ ಹೋಗುತ್ತದೆ.

ಅಗ್ಗದ ಹೈಗ್ರೋಮೀಟರ್ ಸುಳ್ಳು ಹೇಳುತ್ತದೆ. ಬಾಟಲಿ ಮುಚ್ಚಳದಲ್ಲಿ ಉಪ್ಪು, ಅದು ಗಟ್ಟಿ ಚಟ್ನಿಯಂತಾಗುವಷ್ಟೇ ನೀರು. ಮೀಟರಿನ ಜೊತೆ ಜಿಪ್ ಕವರಿನಲ್ಲಿ ಎಂಟು ಗಂಟೆ ಮುಚ್ಚಿಡಿ. 75 ತೋರಿಸಬೇಕು. ನನ್ನದು 67 ಅಂದಿತು, ಈಗ ಯಾವಾಗಲೂ 8 ಕೂಡಿಸಿ ಓದುವುದು.

ಗುಡವಿ ಗೋಪುರ: ಲೆನ್ಸ್ ಒಂದೇ ಅಂದರಲ್ಲ, ಮಗಳಿಗೇನು? ಅವಳ ಕೈಗೂ ಏನಾದರೂ ಕೊಡದಿದ್ದರೆ ಇಪ್ಪತ್ತನೇ ನಿಮಿಷಕ್ಕೆ ‘ಮನೆಗೆ ಹೋಗೋಣ’ ಶುರು. ಬೈನಾಕ್ಯುಲರ್ ಕೊಡಿಸುವಾಗ ಮೋಸ ಹೋಗುವುದು ಒಂದೇ ಕಡೆ: ಆ ವಯಸ್ಸಿಗೆ ಕಣ್ಣುಗಳ ಅಂತರ 50 ಮಿಮೀ ಆಸುಪಾಸು, ದೊಡ್ಡವರ ಎಷ್ಟೋ ಮಾಡೆಲ್ 56ಕ್ಕಿಂತ ಕೆಳಗೆ ಮಡಚುವುದಿಲ್ಲ. ಎರಡು ವೃತ್ತ ಕೂಡುವುದೇ ಇಲ್ಲ, ಮಗು ಒಂದು ಕಣ್ಣು ಮುಚ್ಚಿ ನೋಡಿ ಬಿಸಾಡುತ್ತದೆ. ₹5,600 ಹಾಗೇ ಹೋಯಿತು. ಅಂಗಡಿಯಲ್ಲೇ ಪೂರ್ತಿ ಮಡಚಿಸಿ ನೋಡಿ. 10x (ಹತ್ತು ಪಟ್ಟು ಹತ್ತಿರ ತೋರಿಸುವುದು) ಬೇಡ, ಪುಟ್ಟ ಕೈ ನಡುಗುತ್ತದೆ. 6x, ಹೆಚ್ಚೆಂದರೆ 8x. ಗುಡವಿಯ ಬಿಳಿ ಕೆಂಬರಲು ಹಕ್ಕಿಗೆ ಅಷ್ಟು ಸಾಕು.

ತುಂಗಾತೀರ: ಮಕ್ಕಳ ಜೊತೆ ಹೋಗಿ ಹಕ್ಕಿ ಫೋಟೊ ಆಗದು. ಹೆಂಡತಿ ಮಕ್ಕಳನ್ನು ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಬಿಟ್ಟು ಒಬ್ಬರೇ ಮುಂದೆ ಹೋಗಿ.

ಗುಡವಿ ಗೋಪುರ: ಹಾಗೆ ಬಿಟ್ಟು ಹೋಗುವವರಿಂದಲೇ ಮನೆಯಲ್ಲಿ ಕ್ಯಾಮೆರಾ ಅಂದರೆ ಶತ್ರು. ಸಲಹೆ ನಿಮ್ಮ ಹತ್ತಿರವೇ ಇರಲಿ.

ಅಕ್ಕಿಡಬ್ಬಿ: ಆಯ್ತು, ಅಕ್ಕಿ ಬೇಡ. ಕಬ್ಬಿಣದ ಟ್ರಂಕಿನಲ್ಲಿ ಜೀರೋ ಬಲ್ಬು? ಅಜ್ಜನ ಕಾಲದಿಂದ ಅದೇ.

ತೀರ್ಥಳ್ಳಿ ಕಡೆ: ಆ ಬಲ್ಬು ಬೇರೆ ಮಾರಾಯ್ರೆ! ಅಜ್ಜನದು 15 ವಾಟ್‌ನ ತಂತಿ ಬಲ್ಬು. ಈಗ ಜೀರೋ ಅಂತ ಸಿಗುವುದು ಅರ್ಧ ವಾಟ್ ಎಲ್‌ಇಡಿ, ಅದರಲ್ಲಿ ಕಾವು ಎಲ್ಲಿ? ಉಪಾಯ ತಪ್ಪಲ್ಲ. 22 ಡಿಗ್ರಿ, 90 ತೇವಾಂಶದ ಗಾಳಿಯನ್ನು 32ಕ್ಕೆ ಕಾಯಿಸಿದರೆ 50ಕ್ಕೆ ಇಳಿಯುತ್ತದೆ.

ಬೂಸ್ಟು: ಕರೆಂಟೇ ಇಲ್ಲ ಅಂದಿರಿ, ಬಲ್ಬು ಹೇಗೆ ಉರಿಯುತ್ತದೆ?

ತೀರ್ಥಳ್ಳಿ ಕಡೆ: ಇದ್ದ ದಿನ ಬಲ್ಬು, ಇಲ್ಲದ ದಿನ ಜೆಲ್. ಬಲ್ಬು ಹಾಕುವವರು ಲೆನ್ಸಿನಿಂದ ಒಂದು ಗೇಣು ದೂರ, ಹೋಲ್ಡರ್ ಪಿಂಗಾಣಿಯದ್ದೇ ಹಾಕಿ. ಪ್ಲಾಸ್ಟಿಕ್ಕಿನದು ಎರಡು ಮಳೆಗಾಲಕ್ಕೆ ಬಿರುಕು ಬಿಡುತ್ತದೆ. ಟ್ರಂಕಿಗೆ ಅರ್ಥಿಂಗ್ ಮರೆಯಬೇಡಿ.